ಕುಚ್ಚಿನ ಸ್ಟ್ಯಾಂಡು

ನಮ್ಮ ಹೆಬ್ಬೆ ಕಡೆಯ ಮಳೆಗಾಲದಲ್ಲಿ ಸೀರೆಗೆ ಕುಚ್ಚು ಹಾಕಲು ಬೆಳಕಿರುವುದು ಬಾಗಿಲ ಬಳಿ ಮಾತ್ರ. ಎರಚಲು ಬಂದರೆ ಅಲ್ಲಿಂದಲೂ ಏಳಬೇಕು. ಅದಕ್ಕೇ ಸೆರಗನ್ನು ಬಿಗಿಯಾಗಿ ಹಿಡಿಯುವ, ಮಡಚಿ ಎತ್ತಿಡಬಹುದಾದ ಸ್ಟ್ಯಾಂಡು ಎಂದರೆ ನನಗೆ ಅಷ್ಟು ಪ್ರೀತಿ. ಕಿಟಕಿ ಸರಳಿಗೆ ಸೆರಗು ಕಟ್ಟಿ, ಇಲ್ಲವೇ ಮಣೆಯ ಮೇಲೆ ಗುಂಡುಕಲ್ಲು ಹೇರಿ ಕೂತವರಿಗೆ ಅದರ ಬೆಲೆ ಗೊತ್ತು. ಸೀರೆಯ ಪನ್ನ ಸುಮಾರು 45 ಇಂಚು. ಅಷ್ಟೂ ಒಂದೇ ಬಿಗಿಯಲ್ಲಿ ನಿಲ್ಲಬೇಕು.

ಕೊಳ್ಳುವಾಗ ಮೊದಲು ಮರದ ಅಂಚನ್ನು ಬೆರಳಿಂದ ಸವರಿ ನೋಡುತ್ತೇನೆ. ಒಂದು ಸಿಬಿರು ಸಾಕು, ರೇಷ್ಮೆಯ ಎಳೆ ಎದ್ದುಬಿಡುತ್ತದೆ. ಆಮೇಲೆ ಎತ್ತರ: ಚಕ್ಕಳಮಕ್ಕಳ ಹಾಕಿ ಕೂತರೆ ಗಂಟು ಎದೆಮಟ್ಟಕ್ಕೆ ಬರಬೇಕು, ಕತ್ತು ಬಗ್ಗಬಾರದು. ಯುರೋಪಿನ ಬಾಬಿನ್ ಲೇಸಿನವರಿಗೆ ಗುಂಡುಸೂಜಿ ಚುಚ್ಚಿದ ದಿಂಬು ಎಳೆ ಹಿಡಿದುಕೊಡುತ್ತದೆ, ನಮಗೆ ಈ ಸ್ಟ್ಯಾಂಡು. ಕ್ರೋಷಾ ಕಡ್ಡಿ ಒಳಹೋಗಿ ಹೊರಬಂದು ಮಣಿ ಜಾರಿ ಕೂರುವಾಗ, ಸೆರಗು ಅಲುಗುವುದೇ ಇಲ್ಲ.