ಮಾರ್ಗದರ್ಶಿಯೊಂದರ ಓದು: ಅವ್ವನ ಕುಂಭಯಾತ್ರೆಗೆ ಟಿಪ್ಪಣಿ

ಅವ್ವ ಕುಂಭಮೇಳಕ್ಕೆ ಹೋಗಬೇಕಂತೆ. ತಿ. ನರಸೀಪುರದ ಮೇಳ ಅವಳಿಗೆ ಹೊಸದಲ್ಲ. 1989ರಲ್ಲಿ ಅದು ಶುರುವಾದ ಮೇಲೆ ಎರಡು ಸಲ ಹೋಗಿ ಮುಳುಗಿ ಬಂದಿದ್ದಾಳೆ. ಈಗ ಕೇರಿಯ ಹೆಂಗಸರೆಲ್ಲ ಸೇರಿ ನಾಸಿಕದ 2027ರ ಸಿಂಹಸ್ಥಕ್ಕೆಂದು ಚೀಟಿ ಹಾಕಿದ್ದಾರೆ. 'ಓದಿರೋನು ನೀನು, ಎಲ್ಲಿ ಇಳೀಬೇಕು, ಎಲ್ಲಿ ಮೀಯಬೇಕು ಎಲ್ಲಾ ಬರ್ಕೊಡು ಮಗ' ಅಂದಳು. ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ತೀರ್ಥಯಾತ್ರಾ ಮಾರ್ಗದರ್ಶಿಯೊಂದನ್ನು ಮುಂದಿಟ್ಟುಕೊಂಡು ಕೂತೆ. ಎಂ.ಎ.ಯಲ್ಲಿ ಕಾವ್ಯಮೀಮಾಂಸೆ ಓದಿದವನು ನಾನು. ಇಂಥದ್ದನ್ನು ಪಠ್ಯವೆಂದು ಎಂದೂ ಎಣಿಸಿರಲಿಲ್ಲ. ಆದರೆ ನಮ್ಮ ಅವ್ವಂದಿರ ಕಿವಿಗೆ ಬೀಳುವ ಪಠ್ಯ ಇದೇ ಹೊರತು ನಮ್ಮ ಕವನ ಸಂಕಲನಗಳಲ್ಲ. ದಲಿತ ವಿಮರ್ಶೆ ಇದನ್ನು ಓದದೆ ಪಕ್ಕಕ್ಕಿಟ್ಟರೆ ಹೇಗೆ?

ಗುರು ಸಿಂಹರಾಶಿಗೆ ಬಂದಾಗ ಸಿಂಹಸ್ಥ. ವೈಷ್ಣವ ಅಖಾಡಗಳಿಗೆ ನಾಸಿಕದ ರಾಮಕುಂಡ, ಶೈವ ಅಖಾಡಗಳಿಗೆ ತ್ರ್ಯಂಬಕದ ಕುಶಾವರ್ತ. ಇದೆಲ್ಲ ಪುಸ್ತಕದಲ್ಲಿ ವಿವರವಾಗಿದೆ. ಕಾಳಾರಾಮ ಮಂದಿರಕ್ಕೆ ಅರ್ಧ ಪುಟ: ಕಪ್ಪು ಕಲ್ಲಿನ ಮೂರ್ತಿ, ದರ್ಶನದ ಸಮಯ. ಅಷ್ಟೆ. 1930ರ ಮಾರ್ಚ್ 2ರಂದು ಅಂಬೇಡ್ಕರ್ ನೇತೃತ್ವದಲ್ಲಿ ಸಾವಿರಾರು ಅಸ್ಪೃಶ್ಯರು ಇದೇ ಗುಡಿಯ ಮುಂದೆ ನಿಂತಾಗ ಬಾಗಿಲು ಮುಚ್ಚಿಕೊಂಡಿತ್ತು. ಆ ವರ್ಷದ ರಾಮನವಮಿಯ ರಥೋತ್ಸವದಲ್ಲಿ ಕಲ್ಲೇಟು ಬಿದ್ದವು. ದಾದಾಸಾಹೇಬ ಗಾಯಕವಾಡರು ಈ ಸತ್ಯಾಗ್ರಹವನ್ನು ವರ್ಷಗಟ್ಟಲೆ ಹೊತ್ತರು. ಬಾಗಿಲು ತೆರೆಯಲಿಲ್ಲ. ಹಿಂದೂವಾಗಿ ಸಾಯಲಾರೆ ಎಂದು 1935ರ ಅಕ್ಟೋಬರ್ 13ರಂದು ಅಂಬೇಡ್ಕರ್ ಘೋಷಿಸಿದ್ದು ಇದೇ ನಾಸಿಕ ಜಿಲ್ಲೆಯ ಯೇವಲೆಯಲ್ಲಿ. ಮಾರ್ಗದರ್ಶಿಯಲ್ಲಿ ಇದರ ಒಂದಕ್ಷರವಿಲ್ಲ. ಧರ್ಮಶಾಲೆಯ ಬಾಡಿಗೆಯನ್ನೂ ಬಿಡದೆ ಬರೆದವನಿಗೆ ಇದು ಗೊತ್ತಿರಲಿಲ್ಲ ಅಂದರೆ ನಂಬೋದು ಕಷ್ಟ.

ಇನ್ನು ಅದರ ವ್ಯಾಕರಣ ನೋಡಿ. ಯಾತ್ರಿಕ ಮೀಯುತ್ತಾನೆ, ಪುರೋಹಿತ ಸಂಕಲ್ಪ ಹೇಳಿಸುತ್ತಾನೆ. ಇಲ್ಲಿ ಕ್ರಿಯೆಗೆ ಕರ್ತೃ ಇದ್ದಾನೆ. ಶೌಚಾಲಯ 'ಕಲ್ಪಿಸಲಾಗಿದೆ', ಘಟ್ಟ 'ಸ್ವಚ್ಛಗೊಳಿಸಲಾಗುತ್ತದೆ'. ಇಲ್ಲಿ ಕರ್ತೃ ಇಲ್ಲ. ಮೇಳದ ಮಲಮೂತ್ರ, ಕೊಳೆತ ಹೂವು ಬಾಚುವವರಲ್ಲಿ ಹೆಚ್ಚಿನವರು ನಮ್ಮವರೇ. ಕರ್ಮಣಿ ಪ್ರಯೋಗ ಅವರನ್ನು ವಾಕ್ಯದಿಂದಲೇ ಹೊರಗಿಟ್ಟಿದೆ.

ಅವರು ಕಾಣಿಸಿಕೊಂಡದ್ದು ಒಂದು ಚಿತ್ರದಲ್ಲಿ. 2019ರ ಫೆಬ್ರವರಿ 24ರಂದು ಪ್ರಯಾಗದ ಕುಂಭದಲ್ಲಿ ಪ್ರಧಾನಿ ಐವರು ಪೌರಕಾರ್ಮಿಕರ ಕಾಲು ತೊಳೆದರು. ಗಾಂಧಿಯವರ ಆತ್ಮಶುದ್ಧಿ, ಅಂಬೇಡ್ಕರರ ಆತ್ಮಗೌರವ, ಇವೆರಡರ ತಿಕ್ಕಾಟವನ್ನು ಡಿ.ಆರ್. ನಾಗರಾಜ್ 1993ರ 'ದಿ ಫ್ಲೇಮಿಂಗ್ ಫೀಟ್' ಕೃತಿಯಲ್ಲಿ ಚರ್ಚಿಸಿದ್ದಾರೆ. ಆ ಕಣ್ಣಿನಿಂದ ನೋಡಿದರೆ ಚಿತ್ರದ ನಾಯಕ ತೊಳೆದವನೇ. ಶುದ್ಧಿ ಅವನದು. ತೊಳೆಸಿಕೊಂಡ ಕಾಲುಗಳು ನಾಳೆ ಎಲ್ಲಿಗೆ ನಡೆಯಬೇಕು ಎಂಬುದು ಚಿತ್ರದ ಚೌಕಟ್ಟಿನ ಆಚೆ.

ಹಾಗಂತ 'ಇದು ಮೌಢ್ಯ, ಹೋಗಬೇಡ' ಎಂದು ಅವ್ವನಿಗೆ ಹೇಳಿಬಿಡುವ ನಮ್ಮ ಪ್ರಗತಿಪರ ವರಸೆಯೂ ನನಗೆ ಒಗ್ಗದು. ಹೇಳಿ ನೋಡಿದೆ. (ವೇದಿಕೆಯ ಭಾಷೆ ಅಡುಗೆಮನೆಯಲ್ಲಿ ಎಷ್ಟು ಪೊಳ್ಳಾಗಿ ಕೇಳುತ್ತದೆ!) 'ಹೊಳೆಗೂ ಜಾತಿ ಇದ್ದದಾ ಮಗ?' ಅಂದಳು. ಕೂಲಿಗೆ ಬಿಟ್ಟರೆ ಊರು ದಾಟಿ ಹೋಗದ ಅವಳಿಗೆ ಈ ಯಾತ್ರೆ ಒಂದು ಬಿಡುಗಡೆಯೂ ಹೌದು. ಅದನ್ನು ಕಾಣದ ವಿಮರ್ಶೆ ಅವಳನ್ನು ಮಾರ್ಗದರ್ಶಿಯವನ ಕೈಗೇ ಒಪ್ಪಿಸುತ್ತದೆ.

ನಾನು ಅವಳಿಗೆ ಮಹಾಡದ ಕಥೆ ಹೇಳಿದೆ. 1927ರ ಮಾರ್ಚ್ 20ರಂದು ನಮ್ಮವರು ಚವದಾರ್ ಕೆರೆಯ ನೀರು ಕುಡಿದದ್ದಕ್ಕೆ, ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ ಆ ಕೆರೆಯನ್ನು 'ಶುದ್ಧಿ' ಮಾಡಿದರು. ಎಲ್ಲರ ಪಾಪ ತೊಳೆಯುವ ನೀರು ನಮ್ಮ ಬೊಗಸೆ ತಾಗಿದರೆ ಕೆಡುತ್ತದೆ! ಅವ್ವ ಸುಮಾರು ಹೊತ್ತು ಮಾತಾಡಲಿಲ್ಲ.

ಈಗ ಪಟ್ಟಿ ಹೀಗಿದೆ. ಪರ್ವಸ್ನಾನದ ದಿನ ಬೇಡ. 2003ರಲ್ಲಿ ನಾಸಿಕದಲ್ಲೇ ಕಾಲ್ತುಳಿತಕ್ಕೆ 30ಕ್ಕೂ ಹೆಚ್ಚು ಜನ ಸತ್ತರು, 2025ರ ಜನವರಿ 29ರ ಪ್ರಯಾಗ ಇನ್ನೂ ಕಣ್ಣ ಮುಂದಿದೆ. ಗೋದಾವರಿಯಲ್ಲಿ ಮೀಯುವುದು ಅವರವರ ಇಷ್ಟ. ಆಮೇಲೆ ಕಾಳಾರಾಮನ ಬಾಗಿಲು. ಅಲ್ಲಿ ನಿಂತು 1930ರ ಕಥೆಯನ್ನು ಎಲ್ಲರಿಗೂ ಹೇಳುವುದು ನನ್ನ ಕೆಲಸ. ಮಾರನೆ ದಿನ ಯೇವಲೆ. ಓದಿ ಹೇಳಿದೆ. ಅವ್ವ ಎಲ್ಲಾ ಕೇಳಿಸಿಕೊಂಡು, 'ಆ ಯೇವಲೆಗೂ ಹೋದ್ರೆ ಬಸ್ಸಿನ ದುಡ್ಡು ತಲೆಗೆ ಎಷ್ಟು ಜಾಸ್ತಿ ಆಯ್ತದೆ? ಚೀಟಿಯೋರನ್ನ ಕೇಳ್ಬೇಕಲ್ಲ' ಅಂದಳು.