ಮುಹರ್ರಕ್‌ನ ಮುತ್ತಿನ ಹಾದಿ: ವರ್ತಕರ ಮನೆ, ಮುಳುಗುಗಾರರ ಸಾಲ

ಬಹರೇನ್‌ನ ಮುಹರ್ರಕ್ ಪಟ್ಟಣದಲ್ಲಿ ಸುಮಾರು ಮೂರೂವರೆ ಕಿಲೋಮೀಟರ್ ಉದ್ದದ ಕಾಲುದಾರಿಯೊಂದಿದೆ. ಮುತ್ತಿನ ದೋಣಿಗಳು ಹೊರಡುತ್ತಿದ್ದ ಬೂ ಮಾಹಿರ್ ಕೋಟೆಯ ಕಡಲದಂಡೆಯಿಂದ ಹಳೆಯ ಓಣಿಗಳನ್ನು ಹಾದು ಅದು ವರ್ತಕ ಸಿಯಾದಿ ಮನೆತನದ ಬಾಗಿಲಿಗೆ ಬರುತ್ತದೆ. 17 ಕಟ್ಟಡಗಳು ಮತ್ತು ಸಮುದ್ರದೊಳಗಿನ ಮೂರು ಚಿಪ್ಪಿನ ನೆಲೆಗಳ ಸಮೇತ 2012ರಲ್ಲಿ ಇದು ಯುನೆಸ್ಕೊ ಪಟ್ಟಿಗೆ ಸೇರಿತು. 2019ರಲ್ಲಿ ಮುಹರ್ರಕ್ ಪುನರುಜ್ಜೀವನಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯೂ ಬಂತು. ಹಳೆಯದನ್ನು ಕೆಡವಿ ಗಾಜಿನ ಗೋಪುರ ಎಬ್ಬಿಸುವುದೇ ರೂಢಿಯಾದ ಕೊಲ್ಲಿ ಪ್ರದೇಶದಲ್ಲಿ, ಜನ ವಾಸಿಸುವ ಓಣಿಯನ್ನು ಓಣಿಯಾಗಿಯೇ ಉಳಿಸಿಕೊಂಡದ್ದು ನಿಜಕ್ಕೂ ದೊಡ್ಡ ಕೆಲಸ.

ಆದರೆ ಈ ಹಾದಿ ಯಾರ ಕಥೆಯನ್ನು ಹೇಳುತ್ತದೆ?

ಮುಳುಗುಗಾರನೊಬ್ಬನ ಪುಟ್ಟ ಮನೆಯೂ ಪಟ್ಟಿಯಲ್ಲಿದೆ, ನಿಜ. ಮಿಕ್ಕವುಗಳಲ್ಲಿ ಹೆಚ್ಚಿನವು ವರ್ತಕರ, ನಾಖುದಾಗಳ (ದೋಣಿಯ ನಾಯಕರ) ಮನೆ, ಅತಿಥಿಗಳು ಸೇರುವ ಮಜ್ಲಿಸ್, ಗೋದಾಮುಗಳು. ಇದಕ್ಕೆ ಸಂರಕ್ಷಕರನ್ನಷ್ಟೇ ದೂರಿ ಫಲವಿಲ್ಲ. ಉಳ್ಳವರು ಹವಳದ ಕಲ್ಲು, ಗಾರೆಯಲ್ಲಿ ಕಟ್ಟಿಸಿದರು, ಅವು ನಿಂತವು. ಬಡವರು ಖರ್ಜೂರದ ಗರಿಯ ಬರಸ್ತಿ ಗುಡಿಸಲುಗಳಲ್ಲಿ ಬಾಳಿದರು, ಅವು ಅಳಿದವು. ಉಳಿದ ಕಟ್ಟಡಗಳನ್ನೇ ಇತಿಹಾಸವೆಂದುಕೊಂಡರೆ ದುಡಿದವನು ತಾನಾಗಿಯೇ ಅಂಚಿಗೆ ಸರಿಯುತ್ತಾನೆ.

ಅವನ ದುಡಿಮೆ ಹೇಗಿತ್ತೆಂದರೆ, ಮೂಗಿಗೆ ಚಿಮಟಿಗೆ, ಕಾಲಿಗೆ ಕಲ್ಲಿನ ಭಾರ, ಬೆರಳುಗಳಿಗೆ ಚರ್ಮದ ಕವಚ, ಚಿಪ್ಪು ತುಂಬಲು ಬಲೆಯ ಬುಟ್ಟಿ. ಮೇಲೆ ದೋಣಿಯಲ್ಲಿ ಹಗ್ಗ ಹಿಡಿದ ಸೈಬ್ ಎಳೆದರೆ ಮಾತ್ರ ಉಸಿರು. ಹೀಗೆ ಬೇಸಿಗೆಯ ನಾಲ್ಕು ತಿಂಗಳು. ಹೊರಡುವ ಮೊದಲೇ ನಾಖುದಾ ಮುಂಗಡ ಕೊಟ್ಟಿರುತ್ತಿದ್ದ. ಲೆಕ್ಕ ಅವನ ಕೈಯಲ್ಲಿ, ಓದು ಬಾರದವನ ತಲೆಯ ಮೇಲೆ ಸಾಲ. ತಂದೆ ಸತ್ತರೆ ಅದು ಮಗನ ಹೆಗಲಿಗೆ. ಜೀತವನ್ನು ಕಂಡ ಕನ್ನಡ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಸಾಲವನ್ನು ಎಣಿಸುತ್ತಿದ್ದದ್ದೂ ಭಾರತದ ರೂಪಾಯಿಯಲ್ಲೇ. ಮುತ್ತು ಹೋಗುತ್ತಿದ್ದದ್ದು ಮುಂಬಯಿಗೆ. 1947ರವರೆಗೆ ಬಹರೇನ್ ಮೇಲಿನ ಬ್ರಿಟಿಷರ ಹಿಡಿತ ನಡೆದದ್ದು ಭಾರತದ ಬ್ರಿಟಿಷ್ ಸರ್ಕಾರದ ಮೂಲಕ.

1920ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಗಳ ಒತ್ತಡದಿಂದ ಪ್ರತಿ ಮುಳುಗುಗಾರನಿಗೂ ಅವನದೇ ಲೆಕ್ಕದ ಪುಸ್ತಕ ಬಂತು. ಒಳ್ಳೆಯ ಸುಧಾರಣೆಯೇ. ಆದರೆ ಜಪಾನಿನ ಕೃಷಿ ಮುತ್ತು, ಜಾಗತಿಕ ಆರ್ಥಿಕ ಕುಸಿತ ಸೇರಿ ಮಾರುಕಟ್ಟೆ ಬಿದ್ದಾಗ ಮುಂಗಡಕ್ಕೂ ಕತ್ತರಿ ಬಿತ್ತು. ಮುಂಗಡವಿಲ್ಲದೆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. 1932ರಲ್ಲಿ ಮುಳುಗುಗಾರರು ದಂಗೆಯೆದ್ದರು. ಆಗ ಆಡಳಿತದ ಸೂತ್ರ ಬ್ರಿಟಿಷ್ ಸಲಹೆಗಾರ ಚಾರ್ಲ್ಸ್ ಬೆಲ್‌ಗ್ರೇವ್ ಕೈಯಲ್ಲಿತ್ತು. ಅದೇ ವರ್ಷ ಜಬಲ್ ದುಖಾನ್ ಬೆಟ್ಟದ ಬಳಿ ಎಣ್ಣೆ ಚಿಮ್ಮಿತು. ದೇಶದ ನೆನಪಿನಲ್ಲಿ ಎಣ್ಣೆಗೆ ಸಿಕ್ಕ ಜಾಗ ಆ ದಂಗೆಗೆ ಸಿಗಲಿಲ್ಲ.

ಮುಳುಗುಗಾರರ ಬದುಕಿನಿಂದ ಬಂದ ಫಿಜಿರಿ ಹಾಡು ಇಂದಿಗೂ ಬಹರೇನಿನಲ್ಲಿ ಜೀವಂತವಾಗಿದೆ. 2021ರಲ್ಲಿ ಅದಕ್ಕೂ ಯುನೆಸ್ಕೊ ಮನ್ನಣೆ ದೊರೆಯಿತು. ಕಟ್ಟಡ ಉಳಿಸಿಕೊಳ್ಳಲಾಗದವರ ಚರಿತ್ರೆಗೆ ದಾಖಲೆ ಇರುವುದು ಇಂಥ ಹಾಡಿನಲ್ಲಿ, ಆ ಲೆಕ್ಕದ ಪುಸ್ತಕದಲ್ಲಿ, 1932ರ ದಂಗೆಯಲ್ಲಿ. ಸಿಯಾದಿ ಮನೆಯ ಗಾರೆಯ ಕೆತ್ತನೆಗೆ ಕೊಟ್ಟಷ್ಟೇ ಆಸ್ಥೆಯಿಂದ ಈ ಮೂರನ್ನೂ ಹಾದಿಯ ನಡುವಿಗೆ ತರಬೇಕು.