ಅರ್ಜಿಯನ್ನು ಅ…

ಮಳೆಹಾನಿ ಪರಿಹಾರಕ್ಕೆ ಅಂತ ಅಪ್ಪ ಹಾಕಿದ ಅರ್ಜಿ ಹೋಗಿಯೇ ಇರಲಿಲ್ಲ. ಮೂಡಿಗೆರೆಯ ನಮ್ಮ ಮನೆ ಜಗಲಿಯಲ್ಲಿ ಸಿಗ್ನಲ್ ಹುಡುಕಿಕೊಂಡು ಕೂತು, ಪಹಣಿಯ ಫೋಟೋ, ಉದುರಿದ ಕಾಫಿ ಕಾಯಿಯ ಫೋಟೋ ಎಲ್ಲ ಹಾಕಿ, ಕೊನೆಗೆ ‘ಉಳಿಸು’ ಒತ್ತಿದ್ದರು. ಗಡುವು ಮುಗಿದ ಮೇಲೆ ಗೊತ್ತಾಯ್ತು, ಅರ್ಜಿ ಫೋನಿನಲ್ಲೇ ಉಳಿದಿದೆ ಅಂತ. “ಉಳಿಸು ಅಂದೆ, ಉಳಿಸ್ತು ಮಾರಾಯ. ಅದ್ರದ್ದೇನು ತಪ್ಪು?” ಅಂದರು.

ಪಕ್ಕದಲ್ಲೇ ಇನ್ನೊಂದು ಬಟನ್ ಇತ್ತು. ಅದರ ಮೇಲೆ ಕಾಣುತ್ತಿದ್ದದ್ದು ‘ಅರ್ಜಿಯನ್ನು ಅ…’ ಅಂತ ಅಷ್ಟೇ. ಪೂರ್ತಿ ಬರಹ ‘ಅರ್ಜಿಯನ್ನು ಅಧಿಕಾರಿಗೆ ಕಳುಹಿಸಿ’. ಇಂಗ್ಲಿಷಿನ ‘ಸಬ್ಮಿಟ್’ ಅಳತೆಗೆ ಮಾಡಿದ ಚೌಕದಲ್ಲಿ ಅದು ಹಿಡಿಸಿಲ್ಲ. ಅಪ್ಪ ಅದನ್ನು ‘ಅರ್ಜಿಯನ್ನು ಅಳಿಸಿ’ ಅಂದುಕೊಂಡು ಮುಟ್ಟಲು ಹೆದರಿದರು. ನಾನಾಗಿದ್ದರೂ ಹೆದರುತ್ತಿದ್ದೆ.

ಇದೇ ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶದ ಬಗ್ಗೆ ತಲೆಕೆಡಿಸಿಕೊಂಡಿದ್ದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಜೊತೆ ಸೇರಿ ಅದಕ್ಕಾಗಿ ದುಡಿದಿದ್ದರು. ಆಗಿನ ಜಗಳಗಳೇ ಬೇರೆ: ಯಾವ ಕೀಲಿಮಣೆ, ಯಾವ ಫಾಂಟು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಯಾಕೆ ಕಲಸುಮೇಲೋಗರ ಆಗುತ್ತೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ‘ನುಡಿ’ಯ ಮೂಲಕ ಕಚೇರಿ ಕಚೇರಿಗೆ ತಲುಪಿತು, ಆಮೇಲೆ ಯೂನಿಕೋಡ್ ಬಂತು. ಐಎಸ್ 16333ರ 3ನೇ ಭಾಗ ಅನ್ನೋ ಭಾರತೀಯ ಮಾನಕವಂತೂ ಮೊಬೈಲಿನಲ್ಲಿ 22 ಭಾಷೆಗಳನ್ನೂ ಓದಲು ಬರಬೇಕು ಅನ್ನುತ್ತೆ. ಅಪ್ಪನಿಗೂ ಓದಲು ಬಂತಲ್ಲ, ‘ಅ’ ತನಕ!

ಅಕ್ಷರಕ್ಕೆ ಮಾನಕ ಆಯ್ತು, ಪರದೆಗೆ ಆಗಲಿಲ್ಲ ಅನ್ನೋದು ನನ್ನ ತಕರಾರು. ಪದಪಟ್ಟಿಗಳು ಇಲ್ಲ ಅಂತಲ್ಲ. 2008ರಲ್ಲಿ ರೆಡ್ ಹ್ಯಾಟ್‌ನವರು ಶುರುಮಾಡಿದ ‘ಫ್ಯುಯೆಲ್’ ಯೋಜನೆಯ ಉದ್ದೇಶವೇ ಮೆನು, ಬಟನ್‌ಗಳ ಪದಗಳು ಎಲ್ಲ ಕಡೆ ಒಂದೇ ಇರಲಿ ಅನ್ನೋದು. ಒಳ್ಳೆ ಕೆಲಸ. ಆದರೆ ‘ಸೇವ್’ಗೆ ‘ಉಳಿಸು’ ಅಂತ ಒಪ್ಪಿಬಿಟ್ಟರೆ ಮುಗಿಯಿತೇ? ಎಲ್ಲಿ ಉಳಿಸುತ್ತೆ, ಇನ್ನೇನು ಬಾಕಿಯಿದೆ ಅಂತ ಪರದೆ ಹೇಳಬೇಡವೇ? ಇನ್ನು ನಮ್ಮ ಲಿಪಿ ಕೆಳಕ್ಕೂ ಬೆಳೆಯುತ್ತೆ. ಚೌಕದ ಎತ್ತರ ಇಂಗ್ಲಿಷಿಗೆ ಕಟ್ಟಿದ್ದಾದರೆ ‘ರದ್ದು’ವಿನ ಒತ್ತು ಕತ್ತರಿಸಿ ‘ರದು’ ಆಗಿರುತ್ತೆ. ವೆಬ್ ಪುಟಗಳ ಡಬ್ಲ್ಯೂಸಿಎಜಿ 2.1 ಮಾನಕ, ಸಾಲಿನ ಎತ್ತರ ಅಕ್ಷರದ ಗಾತ್ರದ 1.5 ಪಟ್ಟು ಮಾಡಿದರೂ ಬರಹ ಕಳೆದುಹೋಗಬಾರದು ಅನ್ನುತ್ತೆ. ಅಷ್ಟನ್ನು ಪಾಲಿಸಿದರೂ ಎಷ್ಟೋ ಒತ್ತಕ್ಷರ ಬದುಕಿಕೊಳ್ಳುತ್ತವೆ. ಅಗಲದ ವಿಷಯವೂ ಹೊಸತಲ್ಲ: ಹತ್ತು ಅಕ್ಷರದೊಳಗಿನ ಇಂಗ್ಲಿಷ್ ಪದ ಅನುವಾದವಾದಾಗ ಎರಡು ಮೂರು ಪಟ್ಟು ಹಿಗ್ಗಬಹುದು ಅಂತ ಐಬಿಎಂನವರು ಎಂದೋ ಲೆಕ್ಕ ಕೊಟ್ಟಿದ್ದಾರೆ.

ಹಾಗಾದ್ರೆ ತಪ್ಪು ಅನುವಾದಕರದ್ದಾ? ಅವರಿಗೆ ಸಿಗೋದು ಒಂದು ಎಕ್ಸೆಲ್ ಹಾಳೆ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಖಾಲಿ. ಪರದೆಯನ್ನು ಅವರಿಗೆ ಯಾರೂ ತೋರಿಸಿರಲ್ಲ. ಹಾಳೆ ಕಳಿಸೋರು ನಾವು, ನಾನೂ ನೀವೂ. ಕನ್ನಡ ಅಂದ್ರೆ ರಿಲೀಸಿಗೆ ಎರಡು ದಿನ ಮುಂಚೆ ಅಂಟಿಸೋ ಸ್ಟಿಕ್ಕರ್ ಅಂದುಕೊಂಡವರು. ಮೊದಲು ಕನ್ನಡದಲ್ಲಿ ಪರದೆ ಬರೆದು, ಕಳಸದ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಕೈಗೆ ಫೋನು ಕೊಟ್ಟು, ಆಮೇಲೆ ಇಂಗ್ಲಿಷಿಗೆ ಹೋದರೆ ಚೌಕ ತಾನಾಗಿ ದೊಡ್ಡದಾಗುತ್ತೆ.

ಸೋಮವಾರ ಆಫೀಸಿನಲ್ಲಿ ನಮ್ಮದೇ ಆಪ್‌ನ ಕನ್ನಡ ತೆರೆದು ನೋಡಿದೆ. ಮೂರನೇ ಪರದೆಯಲ್ಲಿ ‘ಮುಂದು…’ ಅಂತಿತ್ತು. ಬಗ್ ದಾಖಲಿಸಿದೆ. ಸಂಜೆಯೊಳಗೆ ಉತ್ತರ ಬಂತು: “ಲೋ ಪ್ರಯಾರಿಟಿ.”